ಸೂತಕ ಅಂದರೇನು?

(ಪುತ್ತೂರು, ಸುಳ್ಯ, ಕಡಬ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಕಡೆ ಮಗು ಹುಟ್ಟಿದ ಮನೆಗೆ 'ಅಮೆ' ಅಂತಾರೆ, ಸಾವಾದ ಮನೆಗೆ 'ಸೂತಕ' ಅಂತಾರೆ. ಉತ್ತರಕ್ರಿಯೆಗೆ ತುಳುವಿನಲ್ಲಿ 'ಬೊಜ್ಜ'. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಸೂತಕ ಅನ್ನುವ ಮಾತಿನ ಅರ್ಥ ಏನು, ಯಾರಾದರೂ ಕೇಳಿದ್ದೀರಾ?

ಅದು ಸಂಸ್ಕೃತದ ಮಾತು. ಬೇರು 'ಸೂ', ಅಂದರೆ ಹೆರುವುದು. ಪ್ರಸವ, ಪ್ರಸೂತಿ ಇವೂ ಅದೇ ಬೇರಿನವು. ಸೂತಕ ಅಂದರೆ ಮೊದಲು ಹುಟ್ಟು, ಆಮೇಲೆ ಹೆರಿಗೆಯ ಮೈಲಿಗೆ. ಸಾವಿನ ಮೈಲಿಗೆಗೆ ಶಾಸ್ತ್ರದವರು 'ಶಾವಾಶೌಚ' ಎಂದು ಬೇರೆ ಹೆಸರೇ ಇಟ್ಟಿದ್ದರು. ಬರಬರುತ್ತಾ ಎರಡಕ್ಕೂ ಸೂತಕ ಎಂದೇ ಆಯಿತು. ನಮ್ಮಲ್ಲಂತೂ ಹೆರಿಗೆಯ ಮಾತು ಹೆಣದ ಮನೆ ಸೇರಿತು.

ಇನ್ನು ಲೆಕ್ಕ ನೋಡಿ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಬ್ರಾಹ್ಮಣ 10 ದಿನಕ್ಕೆ ಶುದ್ಧ, ಕ್ಷತ್ರಿಯ 12, ವೈಶ್ಯ 15, ಶೂದ್ರ ಒಂದು ತಿಂಗಳು. ಅಳು ಒಂದೇ, ಹೆಣದ ಭಾರ ಒಂದೇ. ಮೈಲಿಗೆಗೆ ಮಾತ್ರ ಜಾತಿಗೊಂದು ಅಳತೆ!

ಶರಣರ ಪರಂಪರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿತು. ಗಮನಿಸಿ, ಜಾತಿಯೂ ಆ ಪಟ್ಟಿಯಲ್ಲಿದೆ.

ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಇದನ್ನು ಬಿಡಿಸಿ ಹೇಳಿದರು. ಹುಟ್ಟು ಸಾವಿನ ಮೈಲಿಗೆ ಲೋಕದ ಅನೇಕ ಜನರಲ್ಲಿತ್ತು. ಅದು ಬರುತ್ತದೆ, ಶುದ್ಧಿಯಾದರೆ ಹೋಗುತ್ತದೆ. ನಮ್ಮ ಮೇಲೆ ಹೊರಿಸಿದ್ದು ಹುಟ್ಟಿನಿಂದಲೇ ಬಂದು, ಯಾವ ನೀರಿಗೂ ಹೋಗದ್ದು. ಸತ್ತವರ ಮನೆಯವರು ದಿನ ತುಂಬಿದಾಗ ಮಿಂದು ಶುದ್ಧರಾದರು. ಗುಂಡಿ ತೋಡಿದವನು ಎಷ್ಟು ಮಿಂದರೂ ಅಂಗಳದ ಹೊರಗೇ ನಿಂತ. ಅವನು ಹುಟ್ಟಿದ್ದೇ ಸೂತಕ! ಆ ಮಾತಿನ ಮೂಲ ಅರ್ಥವನ್ನು ನಮ್ಮ ಮೈಮೇಲೆ ಮಾತ್ರ ಬಿಡದೆ ಉಳಿಸಿಕೊಂಡಿದ್ದಾರೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೂ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಬೇರೆ ಕಾನೂನೇ ಬೇಕಾಯಿತು. ಕಾಗದದ ಮೇಲೆ ಹೋದದ್ದು ಅಂಗಳದಿಂದ ಅಷ್ಟು ಬೇಗ ಹೋಗುವುದಿಲ್ಲ.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ. ಧಣಿಗಳ ಮನೆಯಲ್ಲಿ ಸಾವಾದಾಗ ಯಾವ ಕೆಲಸಕ್ಕೆ ಕರೆದರು? ಎಲ್ಲಿ ಕೂರಿಸಿ ಬಡಿಸಿದರು? ಕೂಲಿ ಕೊಟ್ಟರಾ? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದು ತನ್ನಿ. ಶಾಸ್ತ್ರ ಬರೆದಿಡದ ಲೆಕ್ಕ ಅದು. ನಾವೇ ಬರೆಯಬೇಕು.

ಜೈ ಭೀಮ್.