ಮನೆ, ಮಾತು ಮತ್ತು ಕಾಗದ

(ಬಾನುಲಿ ಭಾಷಣ)

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು, 'ಬಾಡಿಗೆಗೆ ಕೊಟ್ಟು ನೋಡು' ಎಂದು ಹೇಳಲಿಲ್ಲ. ಅವರ ಪಾಲಿಗೆ ಮನೆಯೆಂಬುದು ಬಾಳುವುದಕ್ಕೆ ಇತ್ತೇ ಹೊರತು ಗಳಿಸುವುದಕ್ಕಲ್ಲ. ಈಗ ಹಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳಂಥ ಊರುಗಳಲ್ಲಿ ತೊಗರಿ ಚೆನ್ನಾಗಿ ಬಂದ ವರ್ಷ ಉಳಿದ ನಾಲ್ಕು ಕಾಸು, ನಿವೃತ್ತ ಮಾಸ್ತರರ ಇಡಿಗಂಟು, ಮಗ ಪುಣೆಯಿಂದ ಕಳುಹಿಸಿದ ಹಣ, ಎಲ್ಲವೂ ಕೊನೆಗೆ ಒಂದು ನಿವೇಶನವಾಗಿ, ಅದರ ಮೇಲೆ ಎರಡು ಕೋಣೆಯಾಗಿ ನಿಲ್ಲುತ್ತವೆ. ಇಂಥ ಸಣ್ಣ ಮನೆಯೊಡೆಯರೊಡನೆ ಕೆಲವು ಮಾತು ಆಡಬೇಕೆಂದಿದ್ದೇನೆ. ನಾನು ಕಾನೂನು ಬಲ್ಲ ಪಂಡಿತನಲ್ಲ, ಕನ್ನಡ ಕಲಿಸಿದವನು. ಆದರೆ ಈ ವಿಷಯದಲ್ಲಿ ಪೆಟ್ಟು ತಿಂದವನು.

ಆಳಂದದಲ್ಲಿ ನಮ್ಮ ಹಿರಿಯರ ಮನೆಯ ಮುಂದಿನ ಎರಡು ಖಣವನ್ನು ನನ್ನ ತಂದೆ ಒಬ್ಬ ಸಿಂಪಿಗರಿಗೆ ಬಾಡಿಗೆಗೆ ಕೊಟ್ಟಿದ್ದರು. ತಿಂಗಳಿಗೆ ೪೦ ರೂಪಾಯಿ. ಕರಾರುಪತ್ರವಿಲ್ಲ, ರಸೀದಿಯಿಲ್ಲ. ಕೇಳಿದರೆ ತಂದೆ, 'ಮನುಷ್ಯನ ಮಾತಿಗಿಂತ ಕಾಗದ ದೊಡ್ಡದೇನು?' ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಮಾತೇ ನಡೆಯಿತು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಕೂಡಿ ಮನೆ ಬಿಡಬೇಕೆಂದು ಕೇಳಿದೆವು. ಆಗ ಆ ಸಿಂಪಿಗರು, ಹಿತ್ತಲ ಗೋಡೆ ಬಿದ್ದ ವರ್ಷ ತಂದೆಯವರು ತಮ್ಮಿಂದ ೩,೦೦೦ ರೂಪಾಯಿ ಪಡೆದಿದ್ದರೆಂದೂ ಅದು ಮರಳಿದ ಕ್ಷಣ ತಾವು ಹೊರಡುವುದಾಗಿಯೂ ಹೇಳಿದರು. ನಾವು ನಂಬಲಿಲ್ಲ. 'ನಿಮ್ಮ ಅಪ್ಪಾರು ಇದ್ದಿದ್ದರ ಈ ಮಾತೇ ಬರ್ತಿರಲಿಲ್ರೀ ಮಾಸ್ತರ' ಎಂದಷ್ಟೇ ಅವರು ಅಂದರು. ವ್ಯಾಜ್ಯ ಒಂಬತ್ತು ವರ್ಷ ನಡೆದು ರಾಜಿಯಲ್ಲಿ ಮುಗಿಯಿತು. ಮನೆ ನಮಗೆ ಬಂತು. ಆದರೆ ತಂದೆ ಆ ಹಣ ಪಡೆದಿದ್ದರೋ ಇಲ್ಲವೋ ಎಂಬುದು ನನಗೆ ಇಂದಿಗೂ ತಿಳಿಯದು. ಪಡೆದಿದ್ದರೆ ಒಬ್ಬ ಸತ್ಯವಂತನನ್ನು ನಾವು ಊರೆದುರು ಸುಳ್ಳುಗಾರನನ್ನಾಗಿ ಮಾಡಿದೆವು. ಅಂಗೈಯಗಲದ ಒಂದು ಚೀಟಿ ಇದ್ದಿದ್ದರೆ ಈ ಪಾಪ ನಮ್ಮನ್ನು ಅಂಟುತ್ತಿರಲಿಲ್ಲ.

ಬರೆದಿಡುವುದೆಂದರೆ ಅಪನಂಬಿಕೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಇದು ಶಾಸನಗಳ ಸೀಮೆ. ಚಾಲುಕ್ಯರ ಕಾಲದಲ್ಲಿ ಆಳಂದವು 'ಅಲಂದೆ ಸಾಸಿರ' ಎಂಬ ನಾಡಿನ ತಲೆಯೂರು. ಆ ಕಾಲದ ದಾನಶಾಸನಗಳನ್ನು ಓದಿರಿ. ಕೊಟ್ಟ ಭೂಮಿ ಎಷ್ಟು ಮತ್ತರು, ಅಳೆದ ಕೋಲು ಯಾವುದು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಕೊಟ್ಟವನು ಅರಸ, ಪಡೆದದ್ದು ದೇವಾಲಯ. ಅವರ ನಡುವೆ ಅಪನಂಬಿಕೆ ಇತ್ತೆಂದೇ? ಇಲ್ಲ. ಇಬ್ಬರೂ ಇಲ್ಲವಾದ ಮೇಲೆ ಬರುವವರಿಗೆ ಮಾತು ಉಳಿಯಲಿ ಎಂದು ಬರೆಸಿದರು.

ಮೊದಲು ಕೊಳ್ಳುವ ವಿಚಾರ. ಪಹಣಿಯಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಆಸ್ತಿ ಅವನೊಬ್ಬನದೇ ಎಂದು ತಿಳಿಯಬಾರದು. ಅವಿಭಕ್ತ ಕುಟುಂಬದ ಸ್ವತ್ತನ್ನು ವಿವರಿಸಿದ 'ಮಿತಾಕ್ಷರಾ' ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿಯೇ. ಅದನ್ನು ಬರೆದ ವಿಜ್ಞಾನೇಶ್ವರನು ಕಲಬುರಗಿ ಜಿಲ್ಲೆಯ ಮರತೂರಿನವನೆಂಬುದು ಇಲ್ಲಿನ ನಂಬಿಕೆ. ಆ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ. ಕರ್ನಾಟಕದ ತಿದ್ದುಪಡಿ ೧೯೯೪ರಲ್ಲಿ, ಕೇಂದ್ರದ ತಿದ್ದುಪಡಿ ೨೦೦೫ರಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟವು. ತಂದೆ ೨೦೦೫ರಲ್ಲಿ ಬದುಕಿರಲಿ, ಇಲ್ಲದಿರಲಿ, ಹಕ್ಕು ಉಂಟೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಮಾರುವವನ ಅಣ್ಣತಮ್ಮಂದಿರನ್ನು ಕೇಳಿದರೆ ಸಾಲದು. 'ಅಕ್ಕತಂಗಿಯರು ಎಷ್ಟು ಜನ? ಅವರ ಸಹಿ ಎಲ್ಲಿ?' ಎಂದು ಕೇಳಬೇಕು. ಇದು ನಿಮ್ಮ ಹಣದ ರಕ್ಷಣೆ ಮಾತ್ರವಲ್ಲ. ಅರಿಷಿಣ ಕುಂಕುಮ ಕೊಟ್ಟು ತವರಿನಿಂದ ಬರಿಗೈಯಲ್ಲಿ ಕಳುಹಿಸಿದ ಹೆಣ್ಣುಮಗಳ ಪಾಲನ್ನು ಅರಿಯದೆ ಕೊಂಡ ಅನ್ಯಾಯವೂ ಇದರಿಂದ ತಪ್ಪುತ್ತದೆ.

ಋಣಭಾರ ಪ್ರಮಾಣಪತ್ರವನ್ನು ತಪ್ಪದೆ ತೆಗೆಸಿರಿ. ಆದರೆ ಅದರಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಕೈಸಾಲ ಕಾಣುವುದಿಲ್ಲ. ಅದಕ್ಕೆ ನೆರೆಹೊರೆಯವರನ್ನೇ ಕೇಳಬೇಕು. ಹೊಲವನ್ನು ನಿವೇಶನವಾಗಿ ಮಾರುತ್ತಿದ್ದರೆ ಕೃಷಿಯೇತರ ಬಳಕೆಯ ಆದೇಶವನ್ನು, ಬಡಾವಣೆಗೆ ಮಂಜೂರಾತಿಯನ್ನು ಕಣ್ಣಾರೆ ನೋಡಿರಿ. ೫೦೦ ಚದರ ಮೀಟರು ಮೀರಿದ ನೆಲವನ್ನು ನಿವೇಶನಗಳಾಗಿ ಮಾರುವವರು ೨೦೧೬ರ ಕಾಯಿದೆಯಂತೆ ರೇರಾದಲ್ಲಿ ನೋಂದಾಯಿಸಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ ೧೯೭೮ರ ಕಾಯಿದೆಯನ್ನು ಮರೆಯಬೇಡಿ. ಸರ್ಕಾರದ ಅನುಮತಿಯಿಲ್ಲದ ಕ್ರಯ ಅಲ್ಲಿ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಇನ್ನು ಕಟ್ಟುವ ಮಾತು. ನಮ್ಮದು ಎರೆಯ ನೆಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಸೀಳುತ್ತದೆ. ಗಟ್ಟಿ ಮುರುಮು ಸಿಗುವವರೆಗೆ ಅಗೆಯದೆ ಹಾಕಿದ ಬುನಾದಿಯ ಮೇಲೆ ಗೋಡೆ ಬಿರಿಯದೆ ಇರದು. ಭೀಮಾತೀರದಲ್ಲಿ ಕೊಳ್ಳುವವರು ೨೦೨೦ರ ಅಕ್ಟೋಬರಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಆ ಊರಿನ ಮುದುಕರನ್ನು ವಿಚಾರಿಸಿರಿ. ಆಳಂದದ ಕಡೆಯವರಿಗೆ ೧೯೯೩ರ ಸೆಪ್ಟೆಂಬರ್ ೩೦ರ ನಸುಕನ್ನು ನೆನಪಿಸಬೇಕಾಗಿಲ್ಲ. ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಮಲಗಿದಲ್ಲೇ ಮಡಿದರು. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ: ಅಂಥ ಮನೆಗಳೇ ಅಲ್ಲಿ ಹೆಚ್ಚಾಗಿ ಕುಸಿದವು. ಅಂಥ ಮಾಳಿಗೆ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ನಾವು ಮಲಗಲು ಅಂಜುವ ಕೋಣೆಯನ್ನು ಪರರ ಮಕ್ಕಳಿಗೆ ಬಾಡಿಗೆಗೆ ಕೊಡಬಾರದು.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ೧೦ ಲಕ್ಷ ರೂಪಾಯಿ ಹಾಕಿದ ಮನೆಗೆ ತಿಂಗಳಿಗೆ ೪,೦೦೦ ಬಾಡಿಗೆ ಬರುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ೪೮,೦೦೦. ಒಂದು ತಿಂಗಳು ಖಾಲಿ ಬಿದ್ದರೆ ೪,೦೦೦ ಹೋಯಿತು. ಸುಣ್ಣ ಬಣ್ಣ, ಸೋರುವ ಮಾಳಿಗೆ, ಮನೆಗಂದಾಯಕ್ಕೆ ೮,೦೦೦ ಹೋಯಿತು. ಉಳಿದದ್ದು ೩೬,೦೦೦, ಎಂದರೆ ನೂರಕ್ಕೆ ಮೂರೂವರೆಯ ಆಸುಪಾಸು. ಇದನ್ನು ನಂಬಿ ಬಡ್ಡಿಗೆ ಸಾಲ ತಂದವನು ಬಾಡಿಗೆಯಿಂದ ಬಡ್ಡಿಯನ್ನೂ ತುಂಬಲಾರ. ಮುಂದಿನ ವರ್ಷದ ತೊಗರಿಯ ಮೇಲೆ ಕಂತನ್ನು ಹೊರಿಸುವುದು ಇನ್ನೂ ಅಪಾಯ. ಕೈಯಲ್ಲಿ ಇದ್ದಷ್ಟರಲ್ಲಿ ಕಟ್ಟಿರಿ. ಒಂದು ಕೋಣೆಯಾದರೂ ಸಾಕು.

ಯಾರಿಗಾಗಿ ಕಟ್ಟುತ್ತೀರಿ ಎಂಬುದನ್ನೂ ಮೊದಲೇ ಯೋಚಿಸಿರಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ೨೦೦೯ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಕೋಣೆ ಕೇಳುವವನು ವಿದ್ಯಾರ್ಥಿ, ರಜೆ ಬಂದರೆ ಊರಿಗೆ ಹೋಗುವವನು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತನ ಸೇವೆಗೆಂದು ಬಂದು ವಾರಗಟ್ಟಲೆ ನಿಲ್ಲುವವರಿದ್ದಾರೆ. ಅವರಿಗೆ ಬೇಕಾದದ್ದು ಸೊಗಸಲ್ಲ, ನೀರು ಮತ್ತು ಚೊಕ್ಕಟತನ. ಕಲಬುರಗಿಯ ದಾರಿ ವಿಜಯಪುರಕ್ಕೂ ಶಹಾಪುರಕ್ಕೂ ಕವಲೊಡೆಯುವ ಜೇವರ್ಗಿಯಲ್ಲಿ ವರ್ಗವಾಗಿ ಬಂದ ನೌಕರರು, ದಾರಿಬದಿಯ ಅಂಗಡಿಯವರು ಕೇಳುತ್ತಾರೆ. ಮೂರು ಕಡೆಗೂ ಒಂದೇ ಬಗೆಯ ಮನೆ, ಒಂದೇ ಬಗೆಯ ಕರಾರು ಒಗ್ಗುವುದಿಲ್ಲ.

ಕೊನೆಗೆ ಕರಾರು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಅದಕ್ಕಾಗಿಯೇ. ಹನ್ನೊಂದೇ ತಿಂಗಳೆಂದು ಉದಾಸೀನ ಬೇಡ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ವರ್ಷಕ್ಕೆ ಏರಿಕೆ ಎಷ್ಟು, ನಲ್ಲಿ ಕೆಟ್ಟರೆ ಯಾರು ಮಾಡಿಸಬೇಕು, ಬಂದ ದಿನ ವಿದ್ಯುತ್ ಮಾಪಕದ ಅಂಕಿ ಏನು, ಇವೆಲ್ಲ ಬರೆದು ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿರಿ. ತಿಂಗಳ ಕರಾರನ್ನು ಮುಗಿಸಬೇಕಾದರೆ ಹದಿನೈದು ದಿನದ ಲಿಖಿತ ಸೂಚನೆ ಕೊಡಬೇಕೆಂಬುದು ಕಾಯಿದೆ. ಸಿಟ್ಟು ಬಂತೆಂದು ನೀರು ನಿಲ್ಲಿಸುವುದು, ದೀಪ ಕಡಿಯುವುದು ಹಕ್ಕಲ್ಲ, ದಬ್ಬಾಳಿಕೆ. ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯೂ ತಾನು ಅನ್ವಯಿಸುವ ಮನೆಗಳಲ್ಲಿ ಅದನ್ನು ನಿಷೇಧಿಸಿದೆ.

ಇನ್ನೊಂದು ಮಾತು. ಮನೆ ಕೇಳಲು ಬಂದವನನ್ನು ನಾವು ಮೊದಲು ಕೇಳುವುದು ಉದ್ಯೋಗವನ್ನಲ್ಲ, 'ನೀವು ಯಾವ ಜನ?' ಎಂದು. ಶರಣರ ನಾಡಿನ ಹೊಸ್ತಿಲಲ್ಲಿ ನಿಂತು ಹೀಗೆ ಕೇಳುವವರು ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವ ಎಷ್ಟು ಜನ ಸಜ್ಜನರನ್ನು ಹಿಂದಕ್ಕೆ ಕಳುಹಿಸಿದ್ದಾರೋ! ನಷ್ಟದ ಲೆಕ್ಕ ಬದಿಗಿರಲಿ, ಅದು ಮೊದಲಿಗೆ ಮನುಷ್ಯನಿಗೆ ಮಾಡುವ ಅವಮಾನ.

ಆ ಎರಡು ಖಣದಲ್ಲಿ ಈಗ ಒಬ್ಬ ಶಿಕ್ಷಕಿ ಮಕ್ಕಳೊಡನೆ ಇದ್ದಾರೆ. ತಿಂಗಳ ಐದನೆಯ ತಾರೀಖಿಗೆ ನಾನು ರಸೀದಿ ಬರೆದು ಕೊಡುತ್ತೇನೆ. ಮೊದಲ ತಿಂಗಳು ಅವರು, 'ಇದ್ಯಾಕ್ರೀ ಸರ, ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರೀ?' ಎಂದು ಕೇಳಿದ್ದರು. 'ನಂಬಿಕಿ ಅದ ತಾಯಿ. ನಾ ಹೋದ ಮ್ಯಾಲೂ ಇರಲಿ ಅಂತ ಬರೀಲಾಕತ್ತೀನಿ' ಎಂದೆ. ಅವರು ನಕ್ಕು ಚೀಟಿಯನ್ನು ಮಡಚಿ, ಗೋಡೆಯ ದೇವರ ಪಟದ ಹಿಂದೆ ಇಟ್ಟುಕೊಂಡರು.