ಮಂದೆಯ ನಾಯಿ ಮನೆಗೆ ಬಂದರೆ

ನಾಯಿ ಸಾಕಬೇಕೆಂಬ ಆಸೆ ಮೊದಲು ಹುಟ್ಟುವುದು ಮನೆಯ ಮಕ್ಕಳಿಗೆ. ಅದರ ಹೊಣೆ ಕಡೆಗೆ ಬಂದು ಬೀಳುವುದು ಮನೆಯಾಕೆಯ ಮೇಲೆ. ನಡುವೆ ಯಜಮಾನರು ಮಾಡುವ ಕೆಲಸ ಒಂದೇ—ಮರಿಯನ್ನು ಆರಿಸಿ ತರುವುದು. ಆ ಒಂದು ಕೆಲಸ ಸರಿಯಾಗಿ ನಡೆಯಿತೆಂದರೆ ಹತ್ತು ವರ್ಷ ಸುಖ. ತಪ್ಪಿತೆಂದರೆ ಮನೆಯವರಿಗೂ ಕಷ್ಟ, ಆ ಮೂಕಪ್ರಾಣಿಗೂ ಕಷ್ಟ.

ಬೆಂಗಳೂರಿನ ನನ್ನ ಸ್ನೇಹಿತರೊಬ್ಬರು ಹೀಗೆಯೇ ಗ್ರೇಟ್ ಪಿರೆನೀಸ್ ಎಂಬ ಜಾತಿಯ ಮರಿಯೊಂದನ್ನು ತಂದರು. ಎರಡು ತಿಂಗಳ ಮರಿ, ಬಿಳಿಯ ಅರಳೆಯ ಉಂಡೆಯ ಹಾಗಿತ್ತು. ಬೀದಿಯ ಮಕ್ಕಳೆಲ್ಲ ನೋಡಲು ಬಂದವು. ವರ್ಷ ಕಳೆಯುವುದರೊಳಗೆ ಅದು 40 ಕಿಲೋ ತೂಗಿತು. ಸಂಜೆಯಾದರೆ ಸಾಕು, ಗೇಟಿನ ಬಳಿ ನಿಂತು ಬೊಗಳಲಾರಂಭಿಸಿ ಬೆಳಗಿನ ಹಾಲಿನವನು ಬರುವತನಕ ಬಿಡದು. ನೆರೆಯವರು ದೂರಿದರು. ನಾಯಿಗೆ ಸರಪಳಿ ಬಿತ್ತು. ಸರಪಳಿ ಬಿದ್ದಮೇಲೆ ಸಿಡುಕು ಹೆಚ್ಚಿತು. "ನಾಯಿ ಕೆಟ್ಟುಹೋಯಿತು, ಸ್ವಾಮಿ" ಎಂದರು ನಮ್ಮ ಸ್ನೇಹಿತರು. ನಾಯಿ ಕೆಟ್ಟಿರಲಿಲ್ಲ, ತನ್ನ ಪೂರ್ವಿಕರ ಉದ್ಯೋಗವನ್ನು ತಪ್ಪದೆ ಮಾಡುತ್ತಿತ್ತು, ಅಷ್ಟೆ.

ಆ ಉದ್ಯೋಗ ಯಾವುದು? ಫ್ರಾನ್ಸಿಗೂ ಸ್ಪೇನಿಗೂ ನಡುವೆ ಪಿರೆನೀಸ್ ಪರ್ವತಗಳುಂಟು. ಅಲ್ಲಿ ಕುರಿಮಂದೆಗಳನ್ನು ತೋಳ ಕರಡಿಗಳಿಂದ ಕಾಯಲು ಶತಮಾನಗಳಿಂದ ಬೆಳೆಸಿಕೊಂಡು ಬಂದ ನಾಯಿ ಇದು. ತುರ್ಕಿ ದೇಶದ ಸಿವಾಸ್ ಪ್ರಾಂತದ ಕಂಗಾಲ್, ಇಟಲಿಯ ಮರೆಮ್ಮಾ, ನಮ್ಮ ಹಿಮಾಚಲದ ಗದ್ದಿ ಕುರಿಗಾಹಿಗಳ ನಾಯಿ—ಎಲ್ಲವೂ ಇದೇ ಕಸುಬಿನವು. ನಮ್ಮ ಬಯಲುಸೀಮೆಯಲ್ಲಿ ದಖನಿ ಕುರಿಗಳನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗುವ ಕುರುಬರ ಹಟ್ಟಿಯಲ್ಲಿ ರಾತ್ರಿಯ ಹೊತ್ತು ನೀವು ಇಳಿದಿದ್ದರೆ, ಕತ್ತಲೆಯಲ್ಲಿ ಮೊದಲು ನಿಮ್ಮನ್ನು ವಿಚಾರಿಸಿಕೊಳ್ಳುವುದು ನಾಯಿ, ಆಮೇಲೆ ಕುರುಬ.

ಕುರಿಯ ಕೆಲಸ ಮಾಡುವ ನಾಯಿಗಳಲ್ಲಿ ಎರಡು ಬಗೆ. ಕುರಿಯನ್ನು ಅಟ್ಟಿ ತಿರುಗಿಸುವ ನಾಯಿ ಒಂದು. ಅದು ಒಡೆಯನ ಸಿಳ್ಳಿಗೆ ಕಿವಿಗೊಟ್ಟು ನಡೆಯುತ್ತದೆ. ಕುರಿಯನ್ನು ಕಾಯುವ ನಾಯಿ ಇನ್ನೊಂದು. ತೋಳ ಬರುವುದು ಕುರುಬ ನಿದ್ದೆಹೋದ ಮೇಲೆ. ಆಗ ಅಪ್ಪಣೆ ಕೊಡುವವರಾರು? ಆದ್ದರಿಂದ ಈ ನಾಯಿ ತಾನೇ ನೋಡಿ, ತಾನೇ ತೀರ್ಮಾನಿಸಿ ನಡೆಯುವಂಥದು. "ಬಾ" ಎಂದು ಕರೆದರೆ ಒಂದು ಗಳಿಗೆ ಯೋಚಿಸುತ್ತದೆ. ಅದು ಅವಿಧೇಯತೆಯಲ್ಲ, ಅದರ ರಕ್ತಗುಣ. ಅದರ ಮುಖ್ಯ ಆಯುಧವೂ ಹಲ್ಲಲ್ಲ, ಬೊಗಳಿಕೆ: "ಇಲ್ಲಿ ಕಾವಲುಂಟು, ಬರಬೇಡ" ಎಂಬ ಎಚ್ಚರಿಕೆ.

ರಕ್ತಗುಣವೊಂದೇ ಸಾಲದು, ಎಳವೆಯ ಸಹವಾಸವೂ ಬೇಕು. ಅಮೆರಿಕದಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು 1970ರ ದಶಕದಲ್ಲಿ ಯೂರೋಪಿನಿಂದಲೂ ತುರ್ಕಿಯಿಂದಲೂ ಇಂಥ ಮರಿಗಳನ್ನು ತರಿಸಿ, ರೈತರ ಕುರಿಗಳ ನಡುವೆ ಬಿಟ್ಟು ಬಹುಕಾಲ ಪರೀಕ್ಷಿಸಿದರು. ಮೊದಲ ಮೂರು ನಾಲ್ಕು ತಿಂಗಳಲ್ಲಿ ಮರಿ ಯಾರ ಜೊತೆ ಉಂಡು ಮಲಗಿ ಬೆಳೆಯುವುದೋ ಅವರನ್ನೇ ತನ್ನವರೆಂದು ಬಗೆಯುತ್ತದೆ. ನಮೀಬಿಯದಲ್ಲಿ 1994ರಿಂದ ಚೀತಾಗಳಿಂದ ಆಡುಕುರಿಗಳನ್ನು ಉಳಿಸಲು ರೈತರಿಗೆ ತುರ್ಕಿಯ ಜಾತಿಯ ನಾಯಿಮರಿಗಳನ್ನು ಕೊಡುತ್ತ ಬಂದಿರುವುದೂ ಈ ತತ್ತ್ವದ ಮೇಲೆಯೇ. ಅಲ್ಲಿ ಮರಿ ಆಡುಗಳ ನಡುವೆ ಬೆಳೆಯುತ್ತದೆ. ನಿಮ್ಮ ಮನೆಯಲ್ಲಾದರೆ ನೀವೇ ಅದರ ಮಂದೆ. ಮಂದೆಗೆ ಸೇರದವರೆಲ್ಲ ಅದರ ಕಣ್ಣಿಗೆ ಹೊರಗಿನವರು.

ಈಗ ಮರಿಯನ್ನು ಆರಿಸುವ ಮಾತು. ಚಿತ್ರ ನೋಡಿ ಹಣ ಕಳುಹಿಸಬೇಡಿ. ಮರಿ ಹುಟ್ಟಿದ ಸ್ಥಳಕ್ಕೆ ಹೋಗಿ. ತಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಹಿಂದಿರುಗಿ. ಒಡೆಯ ಜೊತೆಯಲ್ಲಿರುವಾಗ ತಾಯಿ ಅಪರಿಚಿತರನ್ನು ನೆಟ್ಟಗೆ ನೋಡಿ ಸುಮ್ಮನಾದರೆ ಒಳ್ಳೆಯ ಗುರುತು. ಹೆದರಿ ಅಡಗುವುದೂ, ಮೇಲೇರಿ ಬರುವುದೂ ಒಳ್ಳೆಯದಲ್ಲ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮರಿಗಳ ನಡುವೆ ಕುಳಿತು ನಿಮ್ಮ ಬೀಗದ ಕೈ ಗೊಂಚಲನ್ನು ಕೆಳಗೆ ಹಾಕಿ. ಬೆಚ್ಚಿ, ಮತ್ತೆ ಸಾವರಿಸಿಕೊಂಡು, ಮೂಸಿ ನೋಡಲು ಬರುವ ಮರಿ ಮನೆಗೆ ತಕ್ಕದ್ದು. ಉಳಿದ ಮರಿಗಳನ್ನೆಲ್ಲ ತುಳಿದು ಮುನ್ನುಗ್ಗುವುದನ್ನೂ, ಮೂಲೆಯಲ್ಲಿ ನಡುಗುವುದನ್ನೂ ಬಿಟ್ಟುಬಿಡಿ. ದೊಡ್ಡ ಜಾತಿಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲಿ ಬರುವುದುಂಟು. ತಂದೆ ತಾಯಿಗಳ ಕೀಲಿನ ಎಕ್ಸ್‌ರೇ ತೆಗೆಸಿದ್ದಾರೆಯೇ ಎಂದು ವಿಚಾರಿಸಿ.

ಮರಿ ಮನೆಗೆ ಬಂದಮೇಲೆ ಕಾಲ ಕಳೆಯಬೇಡಿ. ನಾಲ್ಕು ತಿಂಗಳು ತುಂಬುವುದರೊಳಗೆ ಅದಕ್ಕೆ ಲೋಕ ತೋರಿಸಿ: ಕೊಡೆ ಹಿಡಿದವರು, ಸಮವಸ್ತ್ರದ ಅಂಚೆಯವರು, ಕುಕ್ಕರಿನ ಸಿಳ್ಳು, ಆಟೋ ಸದ್ದು, ಕಿರಿಚಾಡುವ ಮಕ್ಕಳು. ಲಸಿಕೆಗಳು ಮುಗಿಯುವತನಕ ಬೀದಿಯಲ್ಲಿ ಇಳಿಸದೆ ಎತ್ತಿಕೊಂಡೇ ತೋರಿಸಬಹುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಬಾರದು. ಬೇಗ ದೊಡ್ಡದಾಗಲೆಂದು ಅತಿಯಾಗಿ ತಿನ್ನಿಸುವುದೂ, ಪಶುವೈದ್ಯರನ್ನು ಕೇಳದೆ ಸುಣ್ಣದ ಸತ್ತ್ವದ ಔಷಧಿ ಕೊಡುವುದೂ ಎಲುಬಿಗೆ ಕೇಡು. ಮಕ್ಕಳನ್ನು ಎಷ್ಟೇ ಪ್ರೀತಿಸುವ ನಾಯಿಯಾದರೂ, ಪುಟ್ಟ ಮಗುವಿನೊಡನೆ ಅದನ್ನು ಒಂಟಿಯಾಗಿ ಬಿಡಬೇಡಿ. ನಿಮ್ಮ ಮಗುವನ್ನು ನೆರೆಮನೆಯ ಮಗು ಆಟದಲ್ಲಿ ತಳ್ಳಿದರೂ, ಕಾವಲುಗಾರನಿಗೆ ಅದು ಆಟವೆಂದು ತಿಳಿಯಬೇಕಲ್ಲ!

ನಮ್ಮ ಹವೆಯನ್ನೂ ಮರೆಯಬಾರದು. ಪಿರೆನೀಸ್ ನಾಯಿಗೆ ಹಿಮ ತಡೆಯುವ ಎರಡು ಪದರದ ಕೂದಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ಕಲಬುರ್ಗಿ, ಬಳ್ಳಾರಿಗಳ ಬೇಸಗೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಅಕ್ಕರೆಯಲ್ಲ, ಶಿಕ್ಷೆ.

ಕಾನೂನಿನ ಮಾತೂ ಒಂದಿದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಉಗ್ರವೆಂದು ಹೆಸರಿಸಿ ಕೆಲವು ಜಾತಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಅದರಲ್ಲಿ ಕಂಗಾಲ್ ಮೊದಲಾದ ಮಂದೆಯ ನಾಯಿಗಳೂ ಇದ್ದವು. ಕರ್ನಾಟಕದ ಹೈಕೋರ್ಟು ಮರುತಿಂಗಳೇ ಆ ಸುತ್ತೋಲೆಯನ್ನು ರದ್ದುಮಾಡಿತು. ಆದರೂ ನಿಮ್ಮ ಊರಿನ ನಗರಸಭೆಯ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ನಮ್ಮ ಸ್ನೇಹಿತರ ನಾಯಿ ಕಡೆಗೆ ಚಿಕ್ಕಮಗಳೂರಿನ ಕಡೆ ಅವರ ಬಂಧುಗಳ ತೋಟಕ್ಕೆ ಹೋಯಿತು. ತಣ್ಣನೆಯ ಜಾಗ, ಸುತ್ತ ಬೇಲಿ, ಕೊಟ್ಟಿಗೆಯಲ್ಲಿ ದನಕರು. ಅಲ್ಲಿಯೂ ರಾತ್ರಿಯೆಲ್ಲ ಬೊಗಳುತ್ತದೆ. ಆದರೆ ತೋಟದವರು ಅದನ್ನು ಕೇಳಿಯೇ ನಿಶ್ಚಿಂತೆಯಿಂದ ಮಲಗುತ್ತಾರೆ. ಮನೆಯ ಮಕ್ಕಳು ಮಾತ್ರ ಒಂದು ವಾರ ಸರಿಯಾಗಿ ಊಟಮಾಡಲಿಲ್ಲವಂತೆ.

ಆದ್ದರಿಂದ, ಮರಿಯ ಮುಖ ನೋಡುವ ಮೊದಲು ನಿಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಿ. ಭದ್ರವಾದ ಕಾಂಪೌಂಡು ಇದೆಯೇ? ಕಿವಿಗೊಡುವ ನೆರೆಯವರು ದೂರದಲ್ಲಿದ್ದಾರೆಯೇ? 50 ಕಿಲೋ ತೂಗುವ ನಾಯಿಯನ್ನು ಹಗ್ಗದಲ್ಲಿ ಹಿಡಿಯಬಲ್ಲವರು ದಿನವೂ ಮನೆಯಲ್ಲಿರುತ್ತಾರೆಯೇ? ಹೌದೆಂದರೆ, ಇದಕ್ಕಿಂತ ನಂಬಿಗಸ್ತ ಬಂಟ ದೊರೆಯುವುದು ಕಷ್ಟ. ಇಲ್ಲವೆಂದರೆ, ನಿಮ್ಮ ಬೀದಿಯ ಕೊನೆಯಲ್ಲಿ ಹುಟ್ಟಿದ ಕಂದುಬಣ್ಣದ ಮರಿಯೊಂದು ಇರಬಹುದು. ನಮ್ಮ ಬಿಸಿಲಿಗೂ ನಮ್ಮ ಅನ್ನಕ್ಕೂ ಒಗ್ಗಿದ ಜೀವ. ಅದನ್ನೂ ಒಮ್ಮೆ ನೋಡಿ ಬನ್ನಿ.