ಗೊರಸಿನ ಆರೈಕೆ: ಹೈನುಗಾರಿಕೆಯ ಮರೆತ ಅಡಿಪಾಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಸು ಕೊಳ್ಳಲು ಹೋದವರು ಕೆಚ್ಚಲನ್ನು ನೋಡುತ್ತಾರೆ, ಸುಳಿಯನ್ನು ನೋಡುತ್ತಾರೆ, ಹಲ್ಲನ್ನು ಎಣಿಸುತ್ತಾರೆ. ಕಾಲೆತ್ತಿ ಗೊರಸನ್ನು ನೋಡುವವರು ವಿರಳ. ನಾಲ್ಕು ನೂರು ಕಿಲೋಗೂ ಮೀರಿ ತೂಗುವ ಮಿಶ್ರತಳಿ ಹಸುವಿನ ಭಾರವೆಲ್ಲ ನಿಂತಿರುವುದು ಆ ಗೊರಸುಗಳ ಮೇಲೆಯೇ. ಗೊರಸು ನೊಂದ ಹಸು ಗೋದಲಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರದು. ಮೇವು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಬೆದೆಯ ಲಕ್ಷಣಗಳು ಕಾಣದೆ ಗರ್ಭಧಾರಣೆ ತಡವಾಗುತ್ತದೆ. ದಿನಕ್ಕೆ ಎರಡು ಲೀಟರ್ ಹಾಲು ತಗ್ಗಿತೆಂದರೂ ತಿಂಗಳಿಗೆ 60 ಲೀಟರ್ ನಷ್ಟ. ಸ್ವಸಹಾಯ ಸಂಘದ ಸಾಲದಿಂದ ಒಂದೇ ಹಸು ತಂದ ಮನೆಯಲ್ಲಿ ಹಾಲು ಇಳಿದರೂ ಕಂತು ಇಳಿಯುವುದಿಲ್ಲ. ಕೊನೆಗೆ ಕುಂಟುವ ಹಸು ದಲ್ಲಾಳಿ ಹೇಳಿದ ಬೆಲೆಗೆ ಮನೆ ಬಿಡುತ್ತದೆ, ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಉಳುಮೆಗೆ ಎತ್ತುಗಳಿದ್ದ ಕಾಲದಲ್ಲಿ ಸಂತೆಗಳಲ್ಲಿ, ಜಾತ್ರೆಗಳಲ್ಲಿ ಲಾಳ ಕಟ್ಟುವವರಿದ್ದರು. ಲಾಳ ಹೊಡೆಯುವ ಮುನ್ನ ಅವರು ಗೊರಸನ್ನು ಹೆರೆದು ಸಮ ಮಾಡುತ್ತಿದ್ದರು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಂತೆ ಆ ಕಸುಬೂ ಕ್ಷೀಣಿಸಿತು. ಎತ್ತಿನ ಜಾಗಕ್ಕೆ ಬಂದ ಎಚ್‌ಎಫ್ ಹಸುವಿನ ಗೊರಸನ್ನು ವಿಚಾರಿಸುವವರು ಇಲ್ಲವಾದರು.

ಗೊರಸು ಏಕೆ ಕೆಡುತ್ತದೆ?

ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್. ಹೊಲ, ಗೋಮಾಳಗಳಲ್ಲಿ ಮೇಯ್ದು ಬರುವ ನಾಟಿ ದನದ ಗೊರಸು ನಡೆದಂತೆಲ್ಲ ಸವೆಯುತ್ತದೆ. ಇಡೀ ದಿನ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಆ ಸವೆತವಿಲ್ಲ. ಗೊರಸಿನ ತುದಿ ಉದ್ದವಾದಾಗ ದೇಹದ ಭಾರ ಹಿಂದಕ್ಕೆ ಸರಿದು ಹಿಮ್ಮಡಿಯ ಕಡೆಗೆ ಬೀಳುತ್ತದೆ. ಒಳಗಿನ ಮೂಳೆ ಅಂಗಾಲಿನ ಮೃದು ಭಾಗವನ್ನು ಒತ್ತಿ ಹುಣ್ಣಾಗುತ್ತದೆ. ಹಿಂಗಾಲಿನ ಹೊರಗೊರಸು ಹೆಚ್ಚು ಭಾರ ಹೊರುವುದರಿಂದ ಅಲ್ಲಿಯೇ ಹೆಚ್ಚು ಬೆಳವಣಿಗೆ, ಅಲ್ಲಿಯೇ ಹೆಚ್ಚು ಹುಣ್ಣು.

ಸದಾ ಸಗಣಿ, ಗಂಜಲದಲ್ಲಿ ನೆನೆದ ಗೊರಸು ಮೆತ್ತಗಾಗಿ, ಬಿರುಕಿನ ಮೂಲಕ ಸೋಂಕು ಒಳಸೇರಿ ಗೊರಸು ಕೊಳೆಯುತ್ತದೆ. ಮೂರನೆಯ ಕಾರಣ ಆಹಾರ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ತಂದು ಸುರಿಯುವುದು, ಕರು ಹಾಕಿದೊಡನೆ ಹಿಂಡಿಯನ್ನು ಒಮ್ಮೆಲೇ ಹೆಚ್ಚಿಸುವುದು ಹೊಟ್ಟೆಯಲ್ಲಿ ಹುಳಿಯನ್ನು ಹೆಚ್ಚಿಸುತ್ತವೆ. ಅದರ ಪರಿಣಾಮವಾಗಿ ಗೊರಸಿನ ಒಳಪದರ ಉರಿಗೊಳ್ಳುತ್ತದೆ. ಹಿಂಡಿಯನ್ನು ಎರಡು ಮೂರು ವಾರಗಳಲ್ಲಿ ಹಂತ ಹಂತವಾಗಿ ಹೆಚ್ಚಿಸಿ, ಜೊತೆಗೆ ಸಾಕಷ್ಟು ಒಣಮೇವು ಮತ್ತು ಖನಿಜ ಮಿಶ್ರಣ ನೀಡುವುದು ಕ್ರಮ.

ಯಾವಾಗ, ಹೇಗೆ ಕತ್ತರಿಸಬೇಕು?

ವರ್ಷಕ್ಕೆ ಎರಡು ಬಾರಿ ಗೊರಸನ್ನು ಪರೀಕ್ಷಿಸಿ ಅಗತ್ಯವಿದ್ದಷ್ಟು ಕತ್ತರಿಸಬೇಕು. ಹಾಲು ಬತ್ತಿಸುವಾಗ, ಅಂದರೆ ಕರು ಹಾಕಲು ಸುಮಾರು ಎರಡು ತಿಂಗಳಿರುವಾಗ ಒಮ್ಮೆ; ಕರು ಹಾಕಿದ ಮೂರು ನಾಲ್ಕು ತಿಂಗಳಿಗೆ ಇನ್ನೊಮ್ಮೆ. ಗರ್ಭದ ಕೊನೆಯ ವಾರಗಳಲ್ಲಿ ಹಸುವನ್ನು ಕಟ್ಟಿ ದಣಿಸಬಾರದು. ಹಗ್ಗ ಬಿಗಿದು ನೆಲಕ್ಕೆ ಕೆಡವುವ ಹಳೆಯ ಪದ್ಧತಿ ಗಬ್ಬದ ಹಸುವಿಗೆ ಅಪಾಯಕಾರಿ; ಕಬ್ಬಿಣದ ಕೊಳವೆಗಳ ಚೌಕಟ್ಟಾದ ಟ್ರೆವಿಸ್‌ನಲ್ಲಿ ನಿಲ್ಲಿಸಿ, ಒಂದೊಂದೇ ಕಾಲನ್ನು ಎತ್ತಿ ಕಟ್ಟಬೇಕು.

ಮೊದಲು ಗೊರಸನ್ನು ತೊಳೆಯಬೇಕು. ಹಿಂಗಾಲಿನಲ್ಲಿ ಕೆಲಸವನ್ನು ಒಳಗೊರಸಿನಿಂದ ಆರಂಭಿಸಬೇಕು. ಅದೇ ಹೆಚ್ಚು ಆರೋಗ್ಯವಾಗಿರುವ ಗೊರಸು. ದೊಡ್ಡ ಮೈಕಟ್ಟಿನ ಎಚ್‌ಎಫ್ ಹಸುವಿನಲ್ಲಿ ಕೂದಲಿನ ಅಂಚಿನಿಂದ ತುದಿಯವರೆಗೆ ಮುಂಭಾಗದ ಉದ್ದ ಸುಮಾರು 7.5 ಸೆಂಟಿಮೀಟರ್ ಉಳಿಯಬೇಕು. ಅದಕ್ಕಿಂತ ಗಿಡ್ಡ ಮಾಡಬಾರದು. ನಂತರ ಅಂಗಾಲನ್ನು ಸಮತಟ್ಟಾಗಿ ಹೆರೆದು, ಹಿಮ್ಮಡಿಯ ಎತ್ತರವನ್ನು ಉಳಿಸಿ, ಹೊರಗೊರಸನ್ನು ಇದಕ್ಕೆ ಸರಿಹೊಂದಿಸಬೇಕು. ಎರಡೂ ಗೊರಸುಗಳು ಒಂದೇ ಮಟ್ಟಕ್ಕೆ ಬಂದಾಗ ಭಾರ ಸಮನಾಗಿ ಹಂಚಿಕೆಯಾಗುತ್ತದೆ. ಕೊನೆಗೆ ಅಂಗಾಲಿನ ನಡುಭಾಗವನ್ನು ಒಳಬದಿಗೆ ಸ್ವಲ್ಪ ತಗ್ಗಾಗಿ ಹೆರೆದರೆ ಹುಣ್ಣಾಗುವ ಸ್ಥಳದ ಮೇಲಿನ ಒತ್ತಡ ತಗ್ಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಅಂಗಾಲು ಬಗ್ಗಿದರೆ, ಇಲ್ಲವೇ ನಸುಗೆಂಪು ಬಣ್ಣ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ರಕ್ತ ಬಂದರೆ, ಕೀವು ಅಥವಾ ಹುಣ್ಣು ಕಂಡರೆ ಮುಂದಿನ ಕೆಲಸ ಪಶುವೈದ್ಯರದು. ಹುಣ್ಣಿಗೆ ಸೀಮೆಎಣ್ಣೆ, ಬ್ಯಾಟರಿ ಆಸಿಡ್ ಸುರಿಯುವುದು ಜೀವಂತ ಪದರವನ್ನೇ ಸುಡುತ್ತದೆ.

ಸೋಂಕಿನ ತಡೆಗೆ ಪಶುವೈದ್ಯರ ಸಲಹೆಯಂತೆ ಶೇ. 5ರ ಮೈಲುತುತ್ತದ ದ್ರಾವಣದಲ್ಲಿ, ಅಂದರೆ 100 ಲೀಟರ್ ನೀರಿಗೆ 5 ಕಿಲೋ ಪ್ರಮಾಣದಲ್ಲಿ, ತೊಳೆದ ಗೊರಸುಗಳನ್ನು ಅದ್ದಿಸಬಹುದು. ಹಸು ಅದನ್ನು ಕುಡಿಯದಂತೆ ಕಾಯಬೇಕು. ಬಳಸಿದ ದ್ರಾವಣವನ್ನು ಕೆರೆ, ಹಳ್ಳ, ಮೇವಿನ ತಾಕುಗಳಿಗೆ ಬಿಡಬಾರದು. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಕುರಿಗಳಿಗಂತೂ ಅದು ವಿಷ.

ಕುಂಟುವ ಮೊದಲೇ ಗುರುತಿಸುವುದು

ಹಸುವನ್ನು ಸಮತಟ್ಟಾದ ನೆಲದಲ್ಲಿ ನಡೆಸಿ ನೋಡಬೇಕು. ಬೆನ್ನು ಬಿಲ್ಲಿನಂತೆ ಬಾಗುವುದು, ಹೆಜ್ಜೆ ಗಿಡ್ಡವಾಗುವುದು, ಹೆಜ್ಜೆಗೊಮ್ಮೆ ತಲೆ ಆಡಿಸುವುದು, ನಿಂತಲ್ಲೇ ಕಾಲು ಬದಲಿಸುವುದು ನೋವಿನ ಗುರುತುಗಳು. ಕಾಲಿನ ಜೊತೆಗೆ ಬಾಯಲ್ಲೂ ಹುಣ್ಣು, ಜೊಲ್ಲು, ಜ್ವರ ಕಂಡರೆ ಕಾಲುಬಾಯಿ ಜ್ವರದ ಶಂಕೆಯಿಂದ ಹಸುವನ್ನು ಬೇರ್ಪಡಿಸಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಅಂಥ ಹಸುವನ್ನು ಶಿಬಿರಕ್ಕೆ ತರಲೇಬಾರದು. ಚಿಕಿತ್ಸೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಡೇರಿಗೆ ಹಾಕುವಂತಿಲ್ಲ.

ಪಂಚಾಯಿತಿಯ ಪಾತ್ರ

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಾಣಿಕೆ ನಾಲ್ಕನೆಯದು. ಆದ್ದರಿಂದ ಹಸುವಿನ ಕಾಲಿನ ವಿಷಯವೂ ಪಂಚಾಯಿತಿಯ ಸಭೆಗೆ ಸೇರಿದ್ದೇ.

1. ಕೊಟ್ಟಿಗೆಯ ನೆಲ: ನರೇಗಾ ಅಡಿಯಲ್ಲಿ ಊರೂರುಗಳಲ್ಲಿ ದನದ ಕೊಟ್ಟಿಗೆಗಳು ನಿರ್ಮಾಣಗೊಂಡಿವೆ. ಮನೆಯ ಪಡಸಾಲೆಯಂತೆ ನುಣುಪಾಗಿ ಸಿಮೆಂಟ್ ಸಾರಿಸಿದ ನೆಲದಲ್ಲಿ ಹಸು ಜಾರುತ್ತದೆ. ತೀರಾ ಒರಟು ನೆಲದಲ್ಲಿ ಗೊರಸು ಅತಿಯಾಗಿ ಸವೆಯುತ್ತದೆ. ಕಾಂಕ್ರೀಟ್ ಹಸಿಯಿರುವಾಗಲೇ ಸಾಲು ಗೀರುಗಳನ್ನು ಎಳೆಯಿಸಿ, ಹತ್ತು ಅಡಿಗೆ 2ರಿಂದ 3 ಅಂಗುಲ ಇಳಿಜಾರು ಕೊಡಿಸಿದರೆ ಗಂಜಲ ಚರಂಡಿಗೆ ಹರಿದು ನೆಲ ಒಣಗಿರುತ್ತದೆ. ಈ ಎರಡು ಅಂಶಗಳನ್ನು ಅಳತೆ ಪುಸ್ತಕಕ್ಕೆ ಸಹಿ ಬೀಳುವ ಮುನ್ನ ಸ್ಥಳದಲ್ಲಿ ನೋಡಬೇಕು. ಹಸು ದಿನಕ್ಕೆ ಸುಮಾರು 12 ಗಂಟೆ ಮಲಗಬೇಕು. ರಬ್ಬರ್ ಮ್ಯಾಟ್ ಅಥವಾ ಒಣಹುಲ್ಲಿನ ಹಾಸು ಇದಕ್ಕೆ ನೆರವಾಗುತ್ತದೆ.

2. ನೀರಿನ ತೊಟ್ಟಿ: ಸಾರ್ವಜನಿಕ ತೊಟ್ಟಿಯ ಸುತ್ತಲಿನ ಕೆಸರಿನಲ್ಲಿ ಊರಿನ ದನಗಳೆಲ್ಲ ಕಾಲಿಡುತ್ತವೆ. ಅಲ್ಲಿ ಜಲ್ಲಿ ಹಾಸಿಸಿ, ಸೋರಿಕೆ ನಿಲ್ಲಿಸುವುದು ಸಣ್ಣ ವೆಚ್ಚದ ಕೆಲಸ.

3. ಶಿಬಿರ: ಪಶುಪಾಲನಾ ಇಲಾಖೆ ಮತ್ತು ಹಾಲು ಉತ್ಪಾದಕರ ಸಂಘದೊಡನೆ ಮಾತನಾಡಿ, ಮಳೆಗಾಲಕ್ಕೆ ಮೊದಲು ಹಾಗೂ ನಂತರ ಒಂದೊಂದು ಗೊರಸು ಆರೈಕೆ ಶಿಬಿರ ಏರ್ಪಡಿಸಬಹುದು. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಡನೆ ದಾಖಲೆ ಇಟ್ಟರೆ ಯಾವ ಹಸುವಿನ ಸರದಿ ಬಂದಿದೆ ಎಂಬುದು ತಿಳಿಯುತ್ತದೆ. ಒಂದು ಹಸುವಿಗೆ ಬಳಸಿದ ಚಾಕುವನ್ನು ತೊಳೆದು, ಸೋಂಕುನಾಶಕದಲ್ಲಿ ಅದ್ದಿಯೇ ಮುಂದಿನದಕ್ಕೆ ಬಳಸಬೇಕು.

4. ಕೈಕಸುಬು: ಊರಿನ ಯುವಕರು, ಪಶು ಸಖಿಯರು, ಇನ್ನೂ ಉಳಿದಿರುವ ಲಾಳ ಕಟ್ಟುವವರು ಪಶುವೈದ್ಯರಿಂದ ತರಬೇತಿ ಪಡೆದರೆ ರೈತನಿಗೆ ಸೇವೆ, ಅವರಿಗೆ ಉದ್ಯೋಗ ಎರಡೂ ದೊರೆಯುತ್ತವೆ. ಮರೆಯಾಗುತ್ತಿರುವ ಕಸುಬೊಂದು ಹೊಸ ರೂಪದಲ್ಲಿ ಊರಿಗೆ ಮರಳುತ್ತದೆ.

ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಡುವಂತೆ ಮಾನ್ಯ ಸದಸ್ಯರಲ್ಲಿ ವಿನಂತಿ. ಅದಕ್ಕೂ ಮುನ್ನ ತಮ್ಮ ತಮ್ಮ ಕೊಟ್ಟಿಗೆಯ ಹಸುವನ್ನು ಹತ್ತು ಹೆಜ್ಜೆ ನಡೆಸಿ ನೋಡಿರಿ. ಬೆನ್ನು ನೇರವಾಗಿದ್ದರೆ ಸಂತೋಷ. ಬಾಗಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಲಿ.